ಎಲ್ಲಿ ಒತ್ತುತ್ತೆ, ಹೇಳಿ

"ಹಿಡ್ಕೊಳ್ರೀ ಅವರನ್ನ!"

ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಉಜ್ಜುವ ಅರ ಠಣ್ಣೆಂದು ನೆಲಕ್ಕೆ ಬಿತ್ತು.

ಎರಡು ಉದ್ದನೆಯ ಕಂಬಿಗಳ ನಡುವೆ, ಹೊಸ ಕೃತಕ ಕಾಲು ಹಾಕಿಕೊಂಡ ನಿವೃತ್ತ ಟೀಚರಮ್ಮ ತೂರಾಡುತ್ತಿದ್ದರು. ಅವರಿಂದ ಮೂರು ಹೆಜ್ಜೆ ಮುಂದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ ಆ ಹೊಸಬ!

"ರೀ, ನಿಮಗೇ ಹೇಳ್ತಿರೋದು! ಬೀಳ್ತಾರೆ ಅವರು!"

"ಬೀಳಲ್ಲ," ಅಂದ ಅವನು, ಅವಳ ಕಡೆ ತಿರುಗಿಯೂ ನೋಡದೆ. "ಟೀಚರಮ್ಮ, ನೆಲ ನೋಡ್ಬೇಡಿ. ನನ್ನ ಮುಖ ನೋಡಿ. ಬನ್ನಿ."

ಒಂದು ಹೆಜ್ಜೆ... ಎರಡು... ಮೂರು! ಟೀಚರಮ್ಮ ತಲುಪಿಬಿಟ್ಟರು. ತಲುಪಿದವರು ಮೊದಲು ಅತ್ತರು, ಆಮೇಲೆ ಬೈದರು.

"ಎಂಥ ಕಲ್ಲು ಹೃದಯವಯ್ಯಾ ನಿಂದು! ಒಂದು ಕೈ ಚಾಚಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ನಕ್ಕ. ಬಗ್ಗಿ ನೆಲದ ಮೇಲಿದ್ದ ಅರವನ್ನು ಎತ್ತಿ ಅವಳಿಗೆ ಕೊಟ್ಟ. "ನಾನು ಹಿಡ್ಕೊಂಡ್ರೆ ಅವರು ನನ್ನ ಮೇಲೆ ವಾಲ್ತಾರೆ ಮೇಡಂ. ಆಮೇಲೆ ನೀವು ಮಾಡಿದ ಕಾಲಿನ ಮೇಲೆ ಭಾರ ಹಾಕೋದೇ ಇಲ್ಲ."

ಅವಳು ಅರವನ್ನು ಕಿತ್ತುಕೊಂಡಳು. ಮೈಯೆಲ್ಲ ಉರಿಯಿತು. ಯಾಕೋ, ಆ ಮುಖವನ್ನು ಇನ್ನೊಂದು ಸಲ ನೋಡಬೇಕೆಂದೂ ಅನಿಸಿತು.

ಅದು ಎರಡು ವರ್ಷದ ಹಿಂದಿನ ಮಾತು.

ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವ ಕೇಂದ್ರ ಅದು. ಕಾಲು ಮಾಡುವುದು ಅವಳ ಕೆಲಸ. ಮಾಡಿದ ಕಾಲಿನ ಮೇಲೆ ಅವರನ್ನು ನಡೆಸುವುದು ಅವನ ಕೆಲಸ. ಬಂದವರ ಬಾಯಲ್ಲಿ ಅವಳು 'ಕಾಲಿನ ಮೇಡಂ', ಅವನು 'ನಡಿಗೆ ಮೇಷ್ಟ್ರು'.

ಕಾಲು ಮಾಡುವುದರಲ್ಲಿ ಪ್ಲಾಸ್ಟರ್ ಅಚ್ಚು ತೆಗೆಯುವುದಾಗಲಿ, ಅರದಿಂದ ಉಜ್ಜುವುದಾಗಲಿ ಕಷ್ಟವಲ್ಲ. ಕಷ್ಟವೆಲ್ಲ ಒಂದೇ ಮಾತಿನದು... "ಸರಿ ಇದೆ"!

ಹೊಸ ಕಾಲು ಹಾಕಿಸಿಕೊಂಡವರನ್ನು "ಎಲ್ಲಿ ಒತ್ತುತ್ತೆ, ಹೇಳಿ" ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಮಂದಿ ಹಲ್ಲು ಕಚ್ಚಿಕೊಂಡು "ಸರಿ ಇದೆ ಮೇಡಂ" ಅನ್ನುತ್ತಾರೆ. ಪಾಪ, ಸಂಕೋಚ! ಮನೆಗೆ ಹೋಗಿ ಎರಡೇ ದಿನಕ್ಕೆ ಆ ಕಾಲನ್ನು ಮೂಲೆಗೆ ಎಸೆಯುತ್ತಾರೆ.

ಅದಕ್ಕೇ ಅವಳ ಏಪ್ರನ್ನಿನ ಜೇಬಿನಲ್ಲಿ ಸದಾ ಒಂದು ಕೆಂಪು ಲಿಪ್‌ಸ್ಟಿಕ್. ತುಂಡಾಗಿ ಉಳಿದ ಕಾಲಿನ ಮೂಳೆ ಎದ್ದಿರುವಲ್ಲಿ ಅದನ್ನು ಸವರಿ, ಹೊಸ ಕಾಲಿನೊಳಗೆ ಕೂರಿಸಿ, ಹತ್ತು ಹೆಜ್ಜೆ ನಡೆಸಿ ತೆಗೆದರೆ ಒತ್ತಿದ ಜಾಗ ಒಳಗೆ ಕೆಂಪಗೆ ಅಂಟಿರುತ್ತದೆ. ಬಾಯಿ ಸುಳ್ಳು ಹೇಳಬಹುದು, ಬಣ್ಣ ಹೇಳುವುದಿಲ್ಲ!

ನಾಲ್ಕು ಗಂಟೆಯ ಚಹಾ ಇಬ್ಬರದೂ ಒಟ್ಟಿಗೇ. ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ದೇವರ ಮುಂದೆ ಕೂತವನ ಹಾಗೆ, ಒಂದಕ್ಷರ ಬಿಡದೆ ಕೇಳುತ್ತಿದ್ದ.

"ನೋಡಿ, ಇಲ್ಲಿ ಬೆಳಕು ಬಲಗಡೆಯಿಂದ ಬರುತ್ತೆ. ನನ್ನ ಕೈಯ ನೆರಳೇ ನನ್ನ ಕೆಲಸಕ್ಕೆ ಅಡ್ಡ!" ಎಂದು ಒಮ್ಮೆ ಗೊಣಗಿದ್ದಳು. "ನಂದೇ ಅಂತ ಒಂದು ಕಾರ್ಯಾಗಾರ ಇದ್ದಿದ್ರೆ, ಕಿಟಕಿ ಎಡಗಡೆ ಇಡಿಸ್ತಿದ್ದೆ."

"ಹೂಂ," ಅಂದಿದ್ದ ಅವನು.

ಎರಡು ವರ್ಷದಲ್ಲಿ ಎಷ್ಟು 'ಹೂಂ'ಗಳಾದವೋ! ಆದರೆ ಆಡಬೇಕಾದ ಒಂದು ಮಾತು... ಒಂದೇ ಒಂದು ಮಾತು ಆ ಬಾಯಿಂದ ಬಂದಿದ್ದರೆ ಕೇಳಿ!

ಹೀಗಿರುವಾಗ ಒಂದು ಸೋಮವಾರ ಪತ್ರ ಬಂತು. ಬೆಟ್ಟಗಳಾಚೆಯ ಪ್ರಾಂತ್ಯದಲ್ಲಿ ಹೊಸ ಕೇಂದ್ರ ತೆರೆಯುತ್ತಿದ್ದಾರೆ. ಅಲ್ಲಿನ ಕಾರ್ಯಾಗಾರದ ಹೊಣೆ ಅವಳಿಗೆ, ಎರಡು ವರ್ಷದ ಮಟ್ಟಿಗೆ. ರೈಲಿನಲ್ಲಿ ಒಂದೂವರೆ ದಿನದ ದಾರಿ. ಗುರುತಿನವರೊಬ್ಬರೂ ಇಲ್ಲ. ಹೋಗುವುದಾದರೆ ಒಬ್ಬಳೇ. ಶನಿವಾರ ಸಂಜೆ ನಾಲ್ಕರೊಳಗೆ ಉತ್ತರ ಹೇಳಬೇಕು.

ಅಂದಿನಿಂದ ಮನೆಯೆಂಬುದು ಮನೆಯಾಗಿ ಉಳಿಯಲಿಲ್ಲ.

ಅಮ್ಮ ಸೋಮವಾರ ಅಟ್ಟದಿಂದ ಸೂಟ್‌ಕೇಸ್ ಇಳಿಸಿದರು. ಮಂಗಳವಾರ ಕಣ್ಣೊರೆಸಿಕೊಂಡು ಮತ್ತೆ ಅಟ್ಟಕ್ಕೇರಿಸಿದರು. ಬುಧವಾರ ಬೆಳಿಗ್ಗೆ ನೋಡಿದರೆ ಅದು ಹಜಾರದ ನಡುವೆ ಬಾಯಿ ತೆರೆದು ಕೂತಿದೆ!

"ಅಮ್ಮಾ, ಹೋಗು ಅಂತೀಯೋ, ಬೇಡ ಅಂತೀಯೋ? ಒಂದು ಹೇಳು!"

"ನಾನೇನು ಹೇಳ್ಲಿ ಪುಟ್ಟಿ. ಧೂಳು ಹೊಡೀತಿದ್ದೆ ಅಷ್ಟೆ. ನಿನ್ನಿಷ್ಟ."

ಅಣ್ಣ ಹಾಳೆಯ ಮೇಲೆ ಗೆರೆ ಎಳೆದು ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ ಬರೆದು ತಂದ. "ನಾನು ಏನೂ ಹೇಳಲ್ಲ ಲೇ, ನಿರ್ಧಾರ ನಿಂದೇ," ಎಂದು ಶುರುಮಾಡಿ ಒಂದು ಗಂಟೆ ಹೇಳಿದ. ಅಲ್ಲಿ ಚಳಿ, ಅಲ್ಲಿ ಭಾಷೆ ಬೇರೆ, ಅಲ್ಲಿ ಜ್ವರ ಬಂದರೆ ಯಾರು ಗತಿ, ಆದರೂ ಇಂಥ ಅವಕಾಶ ಮತ್ತೆ ಬರುವುದಿಲ್ಲ, ಆದರೂ ಚಳಿ...

"ಹಾಗಾದ್ರೆ ಹೋಗ್ಲಾ, ಬೇಡ್ವಾ?"

"ಕೊನೆಗೆ ನಿನ್ನಿಷ್ಟ."

ಅತ್ತಿಗೆಯದು ಬೇರೆಯೇ ದಾರಿ. ಏಪ್ರನ್ ಒಗೆಯಲು ಹಾಕುವಾಗ ಜೇಬಿನಲ್ಲಿ ಲಿಪ್‌ಸ್ಟಿಕ್ ಸಿಕ್ಕಿಬಿಟ್ಟಿತ್ತು.

"ಅರ್ಧ ಮುಗಿದಿದೆಯಲ್ಲೇ! ಯಾರ ಮೇಲೆ?"

"ಪೇಷಂಟ್ ಕಾಲಿನ ಮೇಲೆ ಅತ್ತಿಗೆ!"

"ಹೂಂ... ಹೂಂ... ಕಾಲಿನ ಮೇಲೆ! ನನಗೇನು, ನಿನ್ನಿಷ್ಟಮ್ಮ."

ನಿನ್ನಿಷ್ಟ, ನಿನ್ನಿಷ್ಟ, ನಿನ್ನಿಷ್ಟ! ಅವಳ ತಲೆ ಚಿಟ್ಟು ಹಿಡಿಯಿತು. ಭಗವಂತಾ, ಈ ಲೋಕದಲ್ಲಿ ತಮ್ಮಿಷ್ಟ ಏನೆಂದು ಹೇಳುವವರು ಯಾರೂ ಇಲ್ಲವೇ?

ಒಬ್ಬನಿದ್ದಾನೆ. ಅವನಾದರೂ ಹೇಳಿಯಾನು.

ಗುರುವಾರ ಚಹಾ ಕುಡಿಯುತ್ತ ಕೇಳಿಯೇಬಿಟ್ಟಳು. "ಹೋಗ್ಲಾ? ನೀವೇನಂತೀರಾ?"

ಅವನು ಲೋಟದೊಳಗೆ ನೋಡಿದ. ಕಿಟಕಿಯಾಚೆ ನೋಡಿದ. ಮತ್ತೆ ಲೋಟದೊಳಗೆ ನೋಡಿದ.

"ಒಳ್ಳೆ ಕೆಲಸ. ನಿಮಗೆ ಹೇಗೆ ಸರಿ ಅನ್ಸುತ್ತೋ... ನಿಮ್ಮಿಷ್ಟ."

ಅವಳು ಲೋಟವನ್ನು ಕುಕ್ಕಿ ಎದ್ದು ಹೋದಳು. ಆ ಸಂಜೆ ಅಚ್ಚೊಂದನ್ನು ಎಷ್ಟು ಉಜ್ಜಿದಳೆಂದರೆ, ಬೇಕಾದ್ದಕ್ಕಿಂತ ಎರಡು ಬೆರಳು ತೆಳ್ಳಗಾಗಿ, ಮೊದಲಿಂದ ಮಾಡಬೇಕಾಯಿತು.

ಶುಕ್ರವಾರ ಅವನು ಚಹಾಕ್ಕೇ ಬರಲಿಲ್ಲ.

ಶನಿವಾರ ಮೂರು ಗಂಟೆಗೆ ಕೇಂದ್ರದ ಮುಖ್ಯಸ್ಥರು ಕರೆದರು. "ಏನು ತೀರ್ಮಾನ ಮಾಡಿದ್ರಿ? ಒಂದು ಗಂಟೆ ಉಳಿದಿದೆ. ನಿಮ್ಮ ಹೆಸರು ಸೂಚಿಸಿದವರಿಗೂ ನಾನು ಉತ್ತರ ಹೇಳ್ಬೇಕಲ್ಲ."

"ಸೂಚಿಸಿದವರಾ? ಯಾರು ಸಾರ್?"

"ನಿಮ್ಮ ನಡಿಗೆ ಮೇಷ್ಟ್ರು! ಗೊತ್ತಿರ್ಲಿಲ್ವಾ?" ಅವರು ಕಡತದಿಂದ ಒಂದು ಹಾಳೆ ತೆಗೆದುಕೊಟ್ಟರು.

ಮೊದಲ ಸಾಲು ಕಣ್ಣಿಗೆ ಚುಚ್ಚಿತು: 'ಹೊಸ ಕೇಂದ್ರಕ್ಕೆ ಇವರನ್ನು ಕಳುಹಿಸಬೇಕೆಂದು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ.'

ಕಳುಹಿಸಬೇಕು! ಬಲವಾಗಿ!

ಮುಂದಿನ ಸಾಲುಗಳು ಕಣ್ಣೀರಿನಲ್ಲಿ ಕಲಸಿಹೋದವು. 'ಓಹೋ... ಹಾಗೋ! ನಾನು ಇಲ್ಲಿಂದ ತೊಲಗಿದರೆ ಸಾಕು ಅಂತಲೋ!' ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ನಡಿಗೆಯ ಕೋಣೆಗೆ ನುಗ್ಗಿದಳು.

ಅಲ್ಲಿ, ಕಾಲು ತೋರಿಸಲು ಬಂದಿದ್ದ ಟೀಚರಮ್ಮ ಕುರ್ಚಿಯಲ್ಲಿ ಕೂತು ತಮ್ಮ ಕಾಲಿನ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದರು. ಅವನು ಕಂಬಿಗಳನ್ನು ಒರೆಸುತ್ತಿದ್ದ.

"ಏನ್ರೀ ಇದು?"

ಹಾಳೆಯನ್ನು ನೋಡಿದ ಕೂಡಲೇ ಅವನ ಕೈ ನಿಂತಿತು.

"ನಾನು ಇಲ್ಲಿರೋದು ಅಷ್ಟು ಭಾರ ಆಗಿದ್ರೆ ನನಗೇ ಹೇಳ್ಬಹುದಿತ್ತಲ್ಲ! ಬೆಟ್ಟದಾಚೆಗೆ ಸಾಗಹಾಕೋ ಬದಲು ಚಹಾಕ್ಕೆ ಬೇರೆ ಮೇಜು ನೋಡ್ಕೋತಿದ್ದೆ!"

"ಪೂರ್ತಿ ಓದಿದ್ರಾ?"

"ಯಾಕೆ ಓದ್ಬೇಕು?"

"ಓದಮ್ಮ," ಅಂದರು ಟೀಚರಮ್ಮ, ಪಟ್ಟಿಯಿಂದ ತಲೆಯೆತ್ತದೆ. "ಅರ್ಧ ಓದಿ ಉತ್ತರ ಬರೆದೋರಿಗೆ ನಾನು ಸೊನ್ನೆ ಹಾಕ್ತಿದ್ದೆ. ನನ್ನ ಪಾಡಿಗೆ ನಾನಿದೀನಿ, ನಂಗೇನೂ ಕೇಳಿಸ್ತಿಲ್ಲ."

ಅವಳು ಹಾಳೆಯನ್ನು ನೀವಿ ಬಿಡಿಸಿದಳು.

'ಇವರು "ಸರಿ ಇದೆ" ಎಂಬ ಮಾತನ್ನು ನಂಬುವುದಿಲ್ಲ. ಇವರು ಮಾಡಿಕೊಟ್ಟ ಕಾಲನ್ನು ಮೂಲೆಗೆಸೆದವರನ್ನು ನಾನು ಕಂಡಿಲ್ಲ. ಆ ಪ್ರಾಂತ್ಯದವರಿಗೆ ಇಂಥವರು ಬೇಕು. ಇವರು ಹೋದರೆ ಇಲ್ಲಿ ಆಗುವ ಕೊರತೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಒಂದು ವಿನಂತಿ: ಅಲ್ಲಿ ಕಟ್ಟಡ ಇನ್ನೂ ಏಳುತ್ತಿದೆಯಂತೆ. ಕಾರ್ಯಾಗಾರದ ಕಿಟಕಿ ಇವರ ಎಡಗಡೆಗೆ ಬರುವಂತೆ ಇಡಿಸಿ.'

ಕಿಟಕಿ...

ಎಂದೋ ಗೊಣಗಿದ ಮಾತು. ತನಗೇ ಮರೆತುಹೋದ ಮಾತು. ಆ ಒಂದು 'ಹೂಂ'ನೊಳಗೆ ಅವನು ಅದನ್ನು ಇಷ್ಟು ಕಾಲ ಕಾಪಾಡಿಕೊಂಡಿದ್ದನೇ!

ಕಣ್ಣು ತುಂಬಿ ಬಂತು. ಅದರ ಬೆನ್ನಿಗೇ ಮೊದಲಿಗಿಂತ ದುಪ್ಪಟ್ಟು ಸಿಟ್ಟೂ ಬಂತು!

"ಇದನ್ನ ಮುಖ್ಯಸ್ಥರಿಗೆ ಬರೆಯೋಕೆ ಬರುತ್ತೆ. ನಂಗೆ ಹೇಳೋಕೆ ಬರಲ್ವಾ? ಗುರುವಾರ ಕೇಳಿದ್ರೆ 'ನಿಮ್ಮಿಷ್ಟ'! ನಿನ್ನೆ ಮುಖಾನೇ ತೋರಿಸ್ಲಿಲ್ಲ!"

ಅವನ ಕೈಗಳು ತಾವಾಗಿಯೇ ಬೆನ್ನ ಹಿಂದಕ್ಕೆ ಹೋದವು. "ನಾನು ಏನಾದ್ರೂ ಹೇಳಿದ್ರೆ ನೀವು ಅದರ ಮೇಲೆ ವಾಲ್ತಿದ್ರಿ. ನಿಮ್ಮ ನಿರ್ಧಾರದ ಮೇಲೆ ನೀವೇ ಭಾರ ಹಾಕ್ಬೇಕು ಅಂತ..."

ಅವಳು ಅವನನ್ನೇ ನೋಡಿದಳು. ಆ ಕಟ್ಟಿದ ಕೈಗಳು! ಆ ಮೂರು ಹೆಜ್ಜೆ ದೂರ! ಹಾಗಾದರೆ ಈ ಪುಣ್ಯಾತ್ಮ ವಾರವಿಡೀ ಮಾಡುತ್ತಿದ್ದದ್ದು ಇದನ್ನೇ?

"ನಾನೇನು ನಿಮ್ಮ ಪೇಷಂಟೇನ್ರೀ?"

ಕೋಣೆ ಗುಂಯ್ ಅಂದಿತು. ಟೀಚರಮ್ಮ ಪಟ್ಟಿಯನ್ನು ಮೂರನೆಯ ಸಲ ಬಿಗಿಮಾಡಿದರು.

"ನನ್ನ ಎರಡೂ ಕಾಲು ಗಟ್ಟಿಯಾಗಿವೆ. ಹೋಗ್ಬೇಕು ಅಂತ ಸೋಮವಾರ ಪತ್ರ ಓದಿದಾಗಲೇ ಅನ್ಸಿತ್ತು! ನಾನು ಕೇಳ್ತಾ ಇದ್ದಿದ್ದು ದಾರಿ ಅಲ್ಲ..." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನು ಹೊರಟ್ರೆ ನಿಮಗೆ ಏನಾದ್ರೂ ಆಗುತ್ತಾ ಅಂತ. ಅಷ್ಟೇ ಕೇಳಿದ್ದು ನಾನು."

ಅವನು ನೆಲ ನೋಡಿದ. ಆಮೇಲೆ ಮೆಲ್ಲಗೆ ಅಂದ.

"ನಾನು... ಸರಿ ಇದ್ದೀನಿ."

ಸರಿ ಇದ್ದೀನಿ!

ಯಾರ ಮುಂದೆ ಯಾವ ಮಾತು! ದಿನಕ್ಕೆ ಹತ್ತು ಬಾರಿ ಈ ಸುಳ್ಳನ್ನು ಹಿಡಿಯುವವಳ ಮುಂದೆ! ಅವಳು ಜೇಬಿಗೆ ಕೈ ಹಾಕಿ ಲಿಪ್‌ಸ್ಟಿಕ್ ತೆಗೆದು, ಅವನ ಮುಂದಿನ ಕಂಬಿಯ ಮೇಲೆ ಟಕ್ಕೆಂದು ಕುಕ್ಕಿದಳು.

"ಎಲ್ಲಿ ಒತ್ತುತ್ತೆ, ಹೇಳಿ. ಬಾಯಲ್ಲಿ ಬರಲ್ಲ ಅಂದ್ರೆ ಗುರುತಾದ್ರೂ ಹಾಕಿ."

ಅವನು ಅವಳನ್ನು ನೋಡಿದ. ಅವಳು ಬಿಟ್ಟುಕೊಡಲಿಲ್ಲ.

ಬೆನ್ನ ಹಿಂದಿನ ಕೈಗಳು ನಿಧಾನವಾಗಿ ಮುಂದೆ ಬಂದವು. ಅವನು ಮುಚ್ಚಳ ತೆಗೆದ. ತನ್ನ ಬಿಳಿ ಕೋಟಿನ ಎಡಜೇಬಿನ ಮೇಲೆ, ಯಾವುದೋ ಅರ್ಜಿ ತುಂಬುವವನ ಶ್ರದ್ಧೆಯಿಂದ, ಬಣ್ಣ ಸವರತೊಡಗಿದ. ಜೇಬು ತುಂಬಿತು. ಜೇಬು ದಾಟಿತು. ಗುಂಡಿಯವರೆಗೂ ಬಂತು...

"ಇಷ್ಟು ದೊಡ್ಡ ಜಾಗಾನಾ?" ಅಂದಳು ಅವಳು.

"ಇನ್ನೂ ಇದೆ," ಅಂದ ಅವನು, ಖಾಲಿಯಾದ ಕೊಳವೆಯನ್ನು ತೋರಿಸುತ್ತ. "ಇದು ಮುಗೀತು."

ಅವಳು ಅಳುತ್ತಳುತ್ತಲೇ ನಕ್ಕುಬಿಟ್ಟಳು.

"ಅಂತೂ ಬಾಯಿ ಬಿಟ್ಟ, ಮಹಾರಾಯ!" ಟೀಚರಮ್ಮ ಕುರ್ಚಿಯಿಂದೆದ್ದರು. "ನಾನು ಹೊರಗೆ ಕೂತ್ಕೋತೀನಿ. ಯಾರೂ ಹಿಡ್ಕೊಳ್ಳೋಕೆ ಬರ್ಬೇಡಿ!"

ಯಾರೂ ಅಲುಗಿರಲೇ ಇಲ್ಲ. ಅವರು ಟಕ್, ಟಕ್ ಎಂದು ನಡೆದುಹೋಗಿ, ಬಾಗಿಲನ್ನೂ ತಾವೇ ಎಳೆದುಕೊಂಡರು.

ನಾಲ್ಕಕ್ಕೆ ಹತ್ತು ನಿಮಿಷ. ಅವಳು ಫೋನ್ ಕೈಗೆತ್ತಿಕೊಂಡಳು.

"ಈಗಲಾದ್ರೂ ಹೋಗ್ಬೇಡಿ ಅಂತೀರಾ?"

"ಅನ್ನಲ್ಲ."

"ಅಯ್ಯೋ, ಏನು ಜನಾರೀ ನೀವು!"

"ಕಿಟಕಿ ಆಗಲೇ ಇಟ್ಟುಬಿಟ್ಟಿದ್ದಾರಂತೆ," ಅಂದ ಅವನು ತಲೆ ತಗ್ಗಿಸಿ. "ಎಡಗಡೆಗೇ."

ಅವಳು ಹೊಸ ಕೇಂದ್ರದವರಿಗೆ ಫೋನ್ ಮಾಡಿದಳು. "ಬರ್ತೀನಿ ಸಾರ್. ಹೌದು, ಒಬ್ಬಳೇ. ಮುಂದಿನ ತಿಂಗಳ ಮೊದಲನೇ ತಾರೀಖು." ವಾರದಿಂದ ಹೊತ್ತ ಮೂಟೆಯೊಂದು ಹೆಗಲಿಂದಿಳಿದಿತ್ತು. ಅಮ್ಮನ ಸೂಟ್‌ಕೇಸ್ ಇನ್ನು ಅಟ್ಟಕ್ಕೇರುವುದಿಲ್ಲ.

"ಎರಡನೇ ವರ್ಷ ಅಲ್ಲಿಗೆ ನಡಿಗೆ ಕಲಿಸೋರು ಒಬ್ಬರು ಬೇಕು ಅಂತ ಅವರು ನಮ್ಮ ಕೇಂದ್ರಕ್ಕೆ ಬರೆದ ಪತ್ರದಲ್ಲಿದೆ," ಅಂದ ಅವನು ಮೆಲ್ಲಗೆ.

"ಅದನ್ನೂ ನೀವೇ ಹೇಳಿ ಬರೆಸಿದ್ದಾ?"

"ಇಲ್ಲ. ಅವರೇ ಬರೆದಿದ್ದು. ನಾನು ಬರೀ ಓದಿದೆ... ತುಂಬಾ ಸಲ."

ಅವಳು ಅವನನ್ನೊಮ್ಮೆ ದಿಟ್ಟಿಸಿದಳು. ಆಮೇಲೆ ಕಂಬಿಗಳ ಆ ತುದಿಗೆ ಹೋಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಳು.

"ಬನ್ನಿ."

"ಏನು?"

"ನೆಲ ನೋಡ್ಬೇಡಿ. ನನ್ನ ಮುಖ ನೋಡಿ. ಬನ್ನಿ."

ಎಷ್ಟೋ ಜನರನ್ನು ಆ ಕಂಬಿಗಳ ನಡುವೆ ನಡೆಸಿದವನು, ಮೊದಲ ಬಾರಿಗೆ ಈ ತುದಿಯಲ್ಲಿ ಬಂದು ನಿಂತ. ಬಿಳಿ ಕೋಟಿನ ಮೇಲೆ ಅಷ್ಟಗಲ ಕೆಂಪು. ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ.

"ಇಲ್ಲಿಂದ ನೋಡಿದ್ರೆ ಇಷ್ಟು ದೂರ ಕಾಣುತ್ತಾ..."

"ಈಗ ಗೊತ್ತಾಯ್ತಾ?"

ಎರಡು... ಮೂರು... ಅವಳೆದುರಿಗೆ ಬಂದು ನಿಂತ. ಅವನ ಉಸಿರು ಅವಳಿಗೆ ಕೇಳಿಸುತ್ತಿತ್ತು.

"ಹಿಡ್ಕೊಳ್ಳಲ್ವಾ?" ಅಂದ.

"ಹಿಡ್ಕೊಂಡ್ರೆ ನೀವು ವಾಲ್ತೀರಿ."

"ವಾಲ್ತೀನಿ."

ಅವಳು ಕಟ್ಟಿದ ಕೈಗಳನ್ನು ಬಿಚ್ಚಿದಳು.

"ವಾಲಿ."