ಏಳು ಮೊಳೆಯ ತೊಲೆ

"ಈ ಹಳೇ ತೊಲೆ ಬೇಡ ತಾಯಿ. ಯಾರೋ ಏಳು ಮೊಳೆ ಹೊಡೆದು ಒಳಗೆ ಏನನ್ನೋ ಕಟ್ಟಿಹಾಕಿದ್ದಾರೆ," ಎಂದು ಮುದಿ ಬಡಗಿ ಕೈ ಹಿಂದೆಗೆದ.

ಇಂಜಿನಿಯರ್ ನಕ್ಕಳು. ಅಕ್ಕ ಬಾಳುತ್ತಿದ್ದ ಊರಿಗೆ ಬಂದು, ಇಲ್ಲಿ ಮರದ್ದೇ ವಾಚನಾಲಯ ಕಟ್ಟುತ್ತೇನೆ ಎಂದ ದಿನದಿಂದ ಅವಳ ಕಿವಿಗೆ ಬಿದ್ದದ್ದೆಲ್ಲ ಇಂಥ ಮಾತೇ. ಮರ ಹೊತ್ತಿಕೊಳ್ಳುತ್ತೆ, ಗೆದ್ದಲು ತಿನ್ನುತ್ತೆ, ಕಾಂಕ್ರೀಟಿಗೆ ಗತಿಯಿಲ್ಲದವರಿಗೆ ಮರ.

"ಬೆಂಕಿ ಆಯ್ತು, ಗೆದ್ದಲು ಆಯ್ತು, ಈಗ ದೆವ್ವಾನೂ ಬಂತಾ ಅಜ್ಜ?"

"ನಗಬೇಡಿ. ನಲವತ್ತು ವರ್ಷ ಮರದಿಂದಲೇ ಅನ್ನ ಉಂಡವನು ನಾನು. ಮರಕ್ಕೆ ಹೆದರಲ್ಲ. ಇದಕ್ಕೆ ಹೆದರ್ತೀನಿ."

ಅವಳೇ ಇಕ್ಕಳ ಹಿಡಿದು ಮೊಳೆಗಳನ್ನು ಒಂದೊಂದಾಗಿ ಕಿತ್ತಳು. ಏಳನೆಯದು ಕಿರುಗುಟ್ಟುತ್ತ ಹೊರಬಂದಾಗ ತೂತಿನಿಂದ ಸುಟ್ಟ ಕೂದಲಿನ ನಾತ ಎದ್ದಿತು. ಹಳೆಯ ಅಂಟಿರಬೇಕು ಎಂದುಕೊಂಡಳು. ತೊಲೆ ಮಾಡಿಗೇರಿತು.

ಅಂದಿನಿಂದ ಅವಳಿಗೊಬ್ಬಳಿಗೇ ಒಂದು ಸದ್ದು ಕೇಳುತ್ತಿತ್ತು. ಮರದೊಳಗೆ ಯಾರೋ ಅವಳದೇ ದನಿಯಲ್ಲಿ ಪಿಸುಗುಟ್ಟಿ, ಮಾತು ಕಲಿಯುತ್ತಿರುವಂತೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಊರೇ ಆಡಿಕೊಳ್ಳುತ್ತಿತ್ತು.

ಕಟ್ಟಡ ತೋರಿಸುವ ದಿನ ಜನ ಹೊಸ್ತಿಲಲ್ಲೇ ಹಿಂದುಮುಂದು ನೋಡಿದರು. ಅಕ್ಕ ಒಬ್ಬೊಬ್ಬರ ಕೈಹಿಡಿದು ಒಳಗೆಳೆದಳು. "ಬನ್ರೀ, ನನ್ನ ತಂಗಿ ಕಟ್ಟಿದ್ದು! ಮುಟ್ಟಿ ನೋಡಿ, ಕಚ್ಚಲ್ಲ!"

ಆಗ, ಹಾಡುಹಗಲಲ್ಲೇ, ಕಿಟಕಿಗಳ ಬೆಳಕು ಬತ್ತಿತು. ಸುಟ್ಟ ನಾತ ಗಂಟಲಿಗಿಳಿಯಿತು. ತಲೆಯ ಮೇಲೆ ಲಟಲಟ ಸದ್ದು. ಯಾರೋ ಚೀರಿದರು. ಎಲ್ಲರೂ ಬಾಗಿಲಿಗೆ ನುಗ್ಗಿದರು. ಕತ್ತಲು. ಧೂಳು. ಅಕ್ಕ ಎಲ್ಲಿ? ತಂಗಿಯ ಕೈಗೊಂದು ಕೈ ಸಿಕ್ಕಿತು. ಎಳೆದಳು. ಓಡಿದಳು. ಬೆನ್ನ ಹಿಂದೆ ಮಾಡು ಕುಸಿಯಿತು.

ಹೊರಗೆ ಬಿಸಿಲು. ಎಲ್ಲರೂ ಬದುಕಿದ್ದರು. ಅಕ್ಕನೂ.

"ಮರ ಬೇಡ ಅಂತ ಬಡ್ಕೊಂಡ್ವಲ್ಲ!" ಎಂದು ಜನ ಕೂಗಾಡಿದರು. ಬಡಗಿ ತಲೆತಗ್ಗಿಸಿ ನಿಂತಿದ್ದ. ನಾಳೆಯಿಂದ ಅವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

"ಮರದ ತಪ್ಪಲ್ಲ, ತಪ್ಪು ನಂದು!" ಎಂದು ಅವಳು ಅರಚಿದಳು. ಯಾರೂ ತಿರುಗಿ ನೋಡಲಿಲ್ಲ.

ಅಕ್ಕ ಮಾತ್ರ ನೋಡಿದಳು. ಗುರುತಿಲ್ಲದವರನ್ನು ನೋಡುವ ಹಾಗೆ.

"ಕೈ ಬಿಡಮ್ಮ, ಯಾರು ನೀನು? ನನ್ನ ತಂಗಿ ಒಳಗಿದ್ದಾಳೆ."

"ಅಕ್ಕಾ, ನಾನೇ ಕಣೇ!"

ಕುಸಿದ ರಾಶಿಯೊಳಗಿಂದ, ತೊಲೆಯಲ್ಲಿ ಮಾತು ಕಲಿತಿದ್ದ ಅವಳದೇ ದನಿ ನರಳಿತು: "ಅಕ್ಕಾ... ಬೇಗ ಬಾರೇ..."

ಅಕ್ಕ ಕೈ ಕೊಡವಿಕೊಂಡು ಒಳಗೆ ಓಡಿದಳು. ಉಳಿದಿದ್ದ ಗೋಡೆ ಅವಳ ಮೇಲೆ ಮಗುಚಿತು.