ಬೆನ್ನು ಮಾಡಿ ಕೂತವನು

ನಲವತ್ತೊಂದನೇ ಇಸವಿಯ ಮಾಘದ ಬೆಳಗು. ಶಿವಾರಪಟ್ಟಣದ ಶಿಲ್ಪಿಗಳ ಬೀದಿಯಲ್ಲಿ ಎಂದಿನಂತೆ ಉಳಿಗಳ ಸದ್ದು. ಹದಿಮೂರನೇ ದಿನದ ಊಟ ನಿನ್ನೆಗೆ ಮುಗಿದಿತ್ತು.

ಬಾವಿಯ ಬಳಿ ಪಕ್ಕದ ಮನೆಯ ಬಚ್ಚಮ್ಮ ಅಡ್ಡ ನಿಂತಳು.

"ಏನೇ ಆದಿಲಕ್ಷ್ಮಿ, ಗಂಡ ಸತ್ರೂ ಒಂದು ಹನಿ ಕಣ್ಣೀರಿಲ್ಲ! ಬಿ.ಎ. ಓದಿದ್ರೆ ಅಳೋದೂ ಮರೆತುಹೋಗುತ್ತಾ?"

ಆದಿಲಕ್ಷ್ಮಿ ಕೊಡ ಎತ್ತಿದಳು. ಅಳಬೇಕಿತ್ತೇ? ಎರಡು ವರ್ಷದಲ್ಲಿ ಒಮ್ಮೆಯೂ ತನ್ನ ಮುಖ ನೋಡದವನಿಗಾಗಿಯೇ?

ಹೆಣ್ಣು ನೋಡಲು ಬಂದ ದಿನ ಕದಿರೇಶ ಅವಳ ಪಾದಗಳನ್ನಷ್ಟೇ ನೋಡಿದ್ದ. ಮದುವೆಯಾದ ವಾರಕ್ಕೆ ಟೇಕಲ್ ಸ್ಟೇಷನ್ನಿನಲ್ಲಿ, ಅವಳದೇ ಬಣ್ಣದ ಸೀರೆಯುಟ್ಟ ಇನ್ಯಾರೋ ಹೆಂಗಸಿನ ಹಿಂದೆ ಹೊರಟುಬಿಟ್ಟಿದ್ದ! ದಿನಾ ಬೆಳಿಗ್ಗೆ ಅವಳು ಜಡೆ ಹೆಣೆಯುವಾಗ, ಅವಳಿಗೆ ಬೆನ್ನು ಮಾಡಿ ಕನ್ನಡಿ ಹಿಡಿದು ಗಡ್ಡ ಹೆರೆಯುತ್ತಿದ್ದ. ಇರುವ ನಾಲ್ಕು ಕೂದಲಿಗೆ ಅರ್ಧ ಗಂಟೆ!

ನಾನು ಅಷ್ಟು ಬೇಡವಾದವಳೇ...? ಅವಳು ಕೇಳಲಿಲ್ಲ. ಜ್ವರ ಬಂದು ಆರೇ ದಿನಕ್ಕೆ ಅವನು ಹೋಗಿಬಿಟ್ಟ.

ಆ ಕನ್ನಡಿ ಅವನದಲ್ಲ. ಹೊಸ ವಿಗ್ರಹಕ್ಕೆ ಕಣ್ಣು ತೆರೆಯುವಾಗ ಎದುರು ಹಿಡಿಯುವ ಕನ್ನಡಿ ಅದು; ಅವನ ಗುರು ಮುನಿಯಾಚಾರ್ಯರದು. ಸೆರಗಿನಲ್ಲಿ ಸುತ್ತಿಕೊಂಡು ಅವರು ಕಲ್ಲು ಕೆತ್ತುವ ಚಪ್ಪರಕ್ಕೆ ಹೋದಳು.

"ಮಾವಯ್ಯ, ನಮ್ಮವರು ನಿಮ್ಮಿಂದ ತಂದಿದ್ರು."

ಮುದುಕರು ಕೈ ಚಾಚಲಿಲ್ಲ. "ಯಾಕೆ ತಂದ, ಗೊತ್ತೇನಮ್ಮಾ?"

"ಗಡ್ಡಕ್ಕೆ..."

"ಗಡ್ಡಕ್ಕೆ ದೇವರ ಕನ್ನಡಿ ಕೊಡ್ತೀನಾ!" ನಕ್ಕರು. "ಚಿಕ್ಕಂದಿನಿಂದ ಅವನಿಗೆ ಮುಖ ನೋಡಿದ್ರೆ ಯಾರು ಅಂತ ತಿಳೀತಿರಲಿಲ್ಲ. ನಾನು ಕೆಮ್ಮಿದ್ರೇನೇ ನಾನು ಅಂತ ಗುರುತು ಹಿಡಿಯೋನು. ಮದುವೆ ಆದ್ಮೇಲೆ ಬಂದು, 'ಅವಳ ಕಣ್ಣು ನೋಡಿದ್ರೆ ಮಾತು ಕೇಳಿಸಲ್ಲ ಗುರುಗಳೇ, ಕೋಪಾನೋ ಹಸಿವೋ ತಿಳಿಯಲ್ಲ' ಅಂದ. ಕಣ್ಣು ತೆರೆಯುವಾಗ ದೇವರನ್ನ ನಾವು ನೇರ ನೋಡ್ತೀವಾ? ಕನ್ನಡಿಯಲ್ಲೇ ತಾನೇ? 'ಅವಳಿಗೂ ಅದೇ ಪದ್ಧತಿ, ಕನ್ನಡಿ ಕೊಡಿ' ಅಂದ್ಬಿಟ್ಟ, ಹುಚ್ಚ!"

ಆದಿಲಕ್ಷ್ಮಿ ಕೈಯಲ್ಲಿದ್ದ ಕನ್ನಡಿಯನ್ನು ನೋಡಿದಳು. ಅವನ ಬೆನ್ನು... ಎದುರಿಗೆ ಕನ್ನಡಿ... ಹಿಂದೆ ತಾನು!

"ಅಷ್ಟು ಹೊತ್ತೂ... ನನ್ನನ್ನೇ?"

"ಪಾಠ ಒಪ್ಪಿಸೋ ಹಾಗೆ ಬಂದು ಹೇಳೋನು. 'ನಗು ತಡೆದ್ರೆ ಎಡಹುಬ್ಬು ಏಳುತ್ತೆ. ತವರಿನ ಕಾಗದ ಬರದಿದ್ರೆ ಜಡೆ ಬಿಗಿಯಾಗುತ್ತೆ.'"

"ನನಗ್ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಇಲ್ಲ. ಅವಳೂ ಕೇಳಿರಲಿಲ್ಲ.

ಮುದುಕರು ಅವಳನ್ನೇ ದಿಟ್ಟಿಸಿದರು. "ಅವನ ಮೇಲೆ ಕೋಪಾನಾ ತಾಯಿ? ನಿನ್ನ ಮುಖ ನೋಡಿದ್ರೆ ನನಗೂ ತಿಳೀತಿಲ್ಲ."

"ನನಗೂ ತಿಳೀತಿಲ್ಲ ಮಾವಯ್ಯ... ಅವರು ನನಗೆ ಬೇಕಾಗಿದ್ರು. ಅದೊಂದೇ ಗೊತ್ತು."

"ಹಾಗಾದ್ರೆ ಕನ್ನಡಿ ನೀನೇ ಇಟ್ಕೋ."

"ಬೇಡ. ಇನ್ನೂ ಎಷ್ಟೋ ದೇವರು ಕಣ್ಣು ತೆರೀಬೇಕಲ್ಲ." ಬಳೆ ಒಡೆದು ಬರಿದಾದ ತನ್ನ ಕೈಗಳನ್ನು ನೋಡಿಕೊಂಡು ತಡೆದಳು. "ನನ್ನ ಕೈಯಿಂದ... ತಗೋಬಹುದಾ?"

ಮುನಿಯಾಚಾರ್ಯರು ಉಳಿ ಕೆಳಗಿಟ್ಟು ಎರಡೂ ಕೈ ಚಾಚಿದರು.

"ಕೊಡಮ್ಮ."