ಪದ ಇನ್ನೂ ಐತಿ, ಅಜ್ಜಾ

“ಎಡಗಾಲು, ಸಪ್ನಾ! ಮೊದಲ ಎಡಗಾಲು!” ಎಂದು ಗೆಳತಿ ಅನುಜಾ ಒದರಿದಳು.

ಬೆಳಗಾವಿಯ ಖಾಸಬಾಗದ ಸಾಲೆಯ ಅಂಗಳದಲ್ಲಿ ವರ್ಷದ ಗ್ಯಾದರಿಂಗಿನ ಡ್ಯಾನ್ಸ್ ಪ್ರಾಕ್ಟೀಸ್ ನಡೆದಿತ್ತು. ಮೆಟ್ಟಿಲ ಮೇಲಿಟ್ಟ ಸ್ಪೀಕರಿನಿಂದ ಹಾಡು ಗುಡುಗುತ್ತಿತ್ತು.

ಉತ್ತರ ಹೇಳೋ ತಮ್ಮಾ, ಉತ್ತರ ಹೇಳೋ
ಕಂಬಳಿ ಹಾಸಿ ಕುಂತೇನಿ ನಾ, ಏಳೂದಿಲ್ಲೋ

ಐದನೆಯ ಇಯತ್ತೆಯ ಹುಡುಗಿಯರೆಲ್ಲ ಒಟ್ಟಿಗೆ ನೆಲಕ್ಕೆ ಕಾಲು ಬಡಿದರು. ಧೂಳು ಎದ್ದಿತು.

ಸಪ್ನಾಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದರು. ಅವಳ ಕುಣಿತ ಅಷ್ಟಕ್ಕಷ್ಟೆ. ಆದರೆ ಈ ಹಾಡು ಹಾಡಿದವನು ಅವಳ ಸ್ವಂತ ಕಾಕಾ, ಅಪ್ಪನ ತಮ್ಮ ಶಿವಲಿಂಗ. ಫೋನಿನಲ್ಲಿ ರೀಲ್ಸ್ ನೋಡುವವರಿಗೆಲ್ಲ ಅವನು ‘ಕೆ-ಶಿವ್’.

ಅಷ್ಟರಲ್ಲಿ ಗೇಟಿನ ಹತ್ತಿರ ಅಪ್ಪನ ಬೈಕು ಬಂದು ನಿಂತಿತು. ಅಪ್ಪ ಕೆಲಸದ ಹೊತ್ತಿನಲ್ಲಿ ಎಂದೂ ಸಾಲೆಗೆ ಬಂದವನಲ್ಲ.

“ಚೀಲಾ ತೊಗೊಳವಾ,” ಎಂದನು. “ನಂದಗಡಕ್ಕ ಹೋಗೂಣು. ಅಜ್ಜ ಹೋದ.”

“ಎಲ್ಲಿಗಿ?”

ಅಪ್ಪ ಮುಖ ಆ ಕಡೆ ತಿರುಗಿಸಿದನು. ಅವನ ಗದ್ದ ನಡುಗಿತು. ಆಗ ಸಪ್ನಾಳಿಗೆ ತಿಳಿಯಿತು.

ಹಿಂದೆ ಸ್ಪೀಕರು ಮಾತ್ರ “ಉತ್ತರ ಹೇಳೋ, ಉತ್ತರ ಹೇಳೋ” ಎನ್ನುತ್ತಲೇ ಇತ್ತು.

ಸಪ್ನಾ ಓಡಿಹೋಗಿ ಅದನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲಿಗೆ ಕುಕ್ಕಿದಳು. “ಬಂದ್ ಮಾಡ್ರಿ ಇದನ್ನ! ಅರ್ಧಾ ಹಾಡು! ಸುಳ್ಳು ಹಾಡು!”

“ಅಳಬ್ಯಾಡವಾ, ಸಮಾಧಾನ ಮಾಡ್ಕೊ,” ಎಂದು ಟೀಚರು ಅವಳನ್ನು ಹತ್ತಿರ ಎಳೆದುಕೊಂಡರು.

ಸಪ್ನಾಳ ಕಣ್ಣಲ್ಲಿ ನೀರಿರಲಿಲ್ಲ. ಅವಳಿಗೆ ಮೈತುಂಬ ಸಿಟ್ಟು ಬಂದಿತ್ತು. ಆ ಸಿಟ್ಟು ಯಾಕೆಂದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

* * *

ಮನೆಯಲ್ಲಿದ್ದ ಅವ್ವನನ್ನೂ ತಮ್ಮನನ್ನೂ ಹತ್ತಿಸಿಕೊಂಡು ಬೈಕು ಖಾನಾಪುರದ ದಾರಿ ಹಿಡಿಯಿತು. ಅಪ್ಪನ ಮುಂದೆ ತಮ್ಮ, ಹಿಂದೆ ಸಪ್ನಾ, ಅವಳ ಹಿಂದೆ ಅವ್ವ.

ಕಾಕಾ ಬೆಳಗಾವಿಯಲ್ಲಿ ಕಾಲೇಜು ಕಲಿಯುವಾಗ ಸಪ್ನಾಳ ಮನೆಯಲ್ಲೇ ಇದ್ದನು. ಅವನಿಗೆ ರ‍್ಯಾಪ್ ಮಾಡುವ ಹುಚ್ಚು. ಸ್ಟುಡಿಯೋ ಎಲ್ಲಿಂದ ತರಬೇಕು? ಅಜ್ಜ ಕೊಟ್ಟ ಕರಿಯ ಕಂಬಳಿಯೊಂದಿತ್ತು. ರಸ್ತೆಯ ಗದ್ದಲ ಒಳಗೆ ಬರಬಾರದೆಂದು ಅದನ್ನು ಎರಡು ಖುರ್ಚಿಗಳ ಮೇಲೆ ಹರವಿ, ಕೆಳಗೆ ಫೋನು ಹಿಡಿದು ಕೂತು ಹಾಡುತ್ತಿದ್ದನು. ಚಿಕ್ಕ ಸಪ್ನಾಳೂ ಕಂಬಳಿಯೊಳಗೆ ನುಸುಳುತ್ತಿದ್ದಳು.

“ಬಾಯಿ ಮುಚ್ಕೊಂಡ ಕುಂದರು. ಉಸಿರಾಡಿದ್ರೂ ಮೈಕಿನ್ಯಾಗ ಬರ್ತೈತಿ,” ಎನ್ನುತ್ತಿದ್ದನು ಕಾಕಾ.

ಒಂದು ಸಲ ಕಂಬಳಿಯ ಉಣ್ಣೆ ಮೂಗಿಗೆ ತಾಗಿ ಅವಳು ಜೋರಾಗಿ ಸೀನಿಬಿಟ್ಟಳು. ಸೀನು ಹಾಡಿನಲ್ಲೇ ಉಳಿಯಿತು. ಕಾಲೇಜಿನ ಹುಡುಗರು ಆ ಸೀನಿಗಾಗಿಯೇ ಹಾಡನ್ನು ಮತ್ತೆ ಮತ್ತೆ ಹಾಕಿ ನಕ್ಕರಂತೆ. ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹಾಡು ಓಡಿತು. ಕಾಲೇಜಿನ ಗ್ಯಾದರಿಂಗಿನಲ್ಲಿ ಕಾಕಾ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಸ್ಟೇಜು ಹತ್ತಿದನು. ಎಲ್ಲರೂ ‘ಕಂಬಳಿ ಶಿವಾ’ ಎಂದು ಕೂಗಿದರು.

ಆಮೇಲೆ ಮುಂಬಯಿಯ ಕಂಪನಿಯವರು ಕರೆದರು. ಸಿನಿಮಾದಲ್ಲಿಯೂ ಹಾಡಿಸಿದರು. ‘ಕಂಬಳಿ ಶಿವಾ’ ಎಂದರೆ ಹಳ್ಳಿಯ ಹೆಸರಾಯಿತೆಂದು ‘ಕೆ-ಶಿವ್’ ಮಾಡಿದರು. ಕಾಕಾ ದೊಡ್ಡ ಮನುಷ್ಯನಾದನು.

ಅವನು ಹಾಡುವ ಮಾತುಗಳು ಮಾತ್ರ ಅಜ್ಜನವು. ಮುತ್ತಪ್ಪಜ್ಜ ಡೊಳ್ಳಿನ ಪದ ಹಾಡುವವನು. ಎರಡು ಊರಿನ ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಪದದಲ್ಲೇ ಪ್ರಶ್ನೆ ಕೇಳುತ್ತದೆ, ಇನ್ನೊಂದು ಪದದಲ್ಲೇ ಉತ್ತರ ಕೊಡಬೇಕು. ಕೊಡದಿದ್ದರೆ ಸೋತಂತೆ. ಅಜ್ಜ ಕಂಬಳಿ ಹಾಸಿ ಕೂತನೆಂದರೆ ಖಾನಾಪುರ ತಾಲೂಕಿನಲ್ಲಿ ಯಾವ ಮೇಳವೂ ಅವನನ್ನು ಏಳಿಸಿದ್ದಿಲ್ಲ.

ಪದಕ್ಕೆ ಒಂದು ನೇಮವಿತ್ತು. ಕೊನೆಯ ನುಡಿಯಲ್ಲಿ ಹಾಡುವವನು ತನ್ನ ಊರಿನ ಹೆಸರನ್ನೂ ಗುರುವಿನ ಹೆಸರನ್ನೂ ಹೇಳಬೇಕು. ಅದಕ್ಕೆ ಹೆಸರು ಹಚ್ಚುವುದು ಎನ್ನುತ್ತಾರೆ.

“ಹೆಸರ ಹಚ್ಚದ ಪದ ಅಂದ್ರ ಕಿವಿಗೆ ಗುರುತಿಲ್ಲದ ಕುರಿ ಇದ್ದಂಗ,” ಎಂದು ಅಜ್ಜ ನಗುತ್ತಿದ್ದನು. “ಯಾರ ಹಿಂಡಿನ್ಯಾಗ ಬೇಕಾದ್ರೂ ಹೊಕ್ಕೊಂತೈತಿ.”

ಕಂಬಳಿಯೊಳಗೆ ಕೂತು ಹಾಡಿದ ಹಾಡುಗಳಿಗೆಲ್ಲ ಕಾಕಾ ನಂದಗಡದ ಹೆಸರನ್ನೂ ತನ್ನ ಗುರುವಾದ ಅಜ್ಜನ ಹೆಸರನ್ನೂ ಹಚ್ಚುತ್ತಿದ್ದನು. ಸೀನು ಇದ್ದ ಹಾಡಿಗೂ ಹಚ್ಚಿದ್ದನು. ಮುಂಬಯಿಯಲ್ಲಿ ಮಾಡಿದ ಹಾಡಿಗೆ ಹಚ್ಚಲಿಲ್ಲ.

ಹೋದ ದೀಪಾವಳಿಯಲ್ಲಿ ಸಪ್ನಾಳೇ ಆ ಹಾಡನ್ನು ಅವ್ವನ ಫೋನಿನಲ್ಲಿ ಅಜ್ಜನಿಗೆ ಕೇಳಿಸಿದ್ದಳು. ಅಜ್ಜ ಫೋನನ್ನು ಕಿವಿಗೆ ಒತ್ತಿಕೊಂಡು, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಿದನು. ಹಾಡು ನಿಂತಿತು. ಅಜ್ಜನ ಬೆರಳು ನಿಲ್ಲಲಿಲ್ಲ. ಅವನು ಕಾಯುತ್ತಿದ್ದನು.

“ಮುಗೀತೇನವಾ?”

ಅಜ್ಜನ ಮುಖ ನೋಡಿ ಸಪ್ನಾಳಿಗೆ ಹೌದೆನ್ನಲು ನಾಲಗೆ ಏಳಲಿಲ್ಲ. “ಇಲ್ಲಜ್ಜಾ, ನೆಟ್ ಖಾಲಿ ಆತು. ಪದ ಇನ್ನೂ ಐತಿ,” ಎಂದಳು.

“ಹಂಗಂತೀನಿ!” ಎಂದು ಅಜ್ಜ ಖುಷಿಯಿಂದ ತಲೆದೂಗಿದನು. “ನನ್ನ ಮಗಾ ಹೆಸರ ಹಚ್ಚದ ಬಿಡಾಂವಲ್ಲ.”

ಅಂದಿನಿಂದ ಅವಳು ನಂದಗಡಕ್ಕೆ ಹೋದಾಗಲೆಲ್ಲ ಅಜ್ಜ ಕೇಳುತ್ತಿದ್ದನು, “ನೆಟ್ ಬಂತೇನ?” ಅವಳು ಪ್ರತಿ ಸಲವೂ ಸುಳ್ಳು ಹೇಳುತ್ತಿದ್ದಳು.

ಇನ್ನು ಅಜ್ಜ ಕೇಳುವುದಿಲ್ಲ. ಅಪ್ಪನ ಬೆನ್ನಿಗೆ ಮುಖ ಒತ್ತಿಕೊಂಡು ಸಪ್ನಾ ಹಲ್ಲು ಕಚ್ಚಿದಳು.

* * *

ಕಾಕಾ ಮುಂಬಯಿಯಿಂದ ವಿಮಾನದಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬಂದು, ಅಲ್ಲಿಂದ ಕಾರು ಮಾಡಿಕೊಂಡು ನಂದಗಡ ಮುಟ್ಟುವ ಹೊತ್ತಿಗೆ ಇಳಿಹೊತ್ತಾಗಿತ್ತು. ಅಜ್ಜನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ಮನೆದೇವರು ಬೀರಪ್ಪನ ಅರಿಸಿನದ ಭಂಡಾರ, ಹೆಗಲಿಗೆ ಕಂಬಳಿ. ಪದ್ಮವ್ವಜ್ಜಿ ಅವನ ಪಾದ ಹಿಡಿದು ಕೂತಿದ್ದಳು.

ಕಾಕಾ ಕಾರಿನಿಂದ ಇಳಿದದ್ದೇ ತಡ, ಓಣಿಯ ಹುಡುಗರು ಮುತ್ತಿದರು.

“ಶಿವಣ್ಣಾ, ಒಂದ ಸೆಲ್ಫಿ!”

“ಏ, ಖರೇನ ಕೆ-ಶಿವ್ ಬಂದಾನ್ ಬರ‍್ರಲೇ!”

ಕಾಕಾ “ಆಮ್ಯಾಲೆ, ಆಮ್ಯಾಲೆ” ಎನ್ನುತ್ತ ದಾರಿ ಬಿಡಿಸಿಕೊಳ್ಳಲು ನೋಡಿದನು. ಒಬ್ಬ ಅವನ ಹೆಗಲ ಮೇಲೆ ಕೈ ಹಾಕಿ ಫೋನು ಎತ್ತಿಯೇಬಿಟ್ಟನು. ಸಪ್ನಾ ಜನರ ನಡುವೆ ನುಗ್ಗಿ ಆ ಕೈಗೆ ಬಲವಾಗಿ ಹೊಡೆದಳು. ಫೋನು ಮಣ್ಣಿಗೆ ಬಿತ್ತು.

“ನಾಚಿಕಿ ಇಲ್ಲೇನ ನಿಮಗ? ನಮ್ಮಜ್ಜ ಹೋಗ್ಯಾನ!”

ಹುಡುಗರು ಹಿಂದೆ ಸರಿದರು. ಕಾಕಾ ಅವಳ ತಲೆಯ ಮೇಲೆ ಕೈಯಿಡಲು ಬಂದನು. ಅವಳು ಆ ಕೈಯನ್ನೂ ಸರಿಸಿದಳು.

ಸಂಜೆ ಅಜ್ಜನನ್ನು ಮಣ್ಣು ಮಾಡಿದರು. ಮಣ್ಣಿಗೆ ಬಂದವರಲ್ಲಿ ಯಾರದೋ ಕಿಸೆಯಲ್ಲಿ ಫೋನು ರಿಂಗಾಯಿತು. “ಉತ್ತರ ಹೇಳೋ ತಮ್ಮಾ...” ಆತ ಗಡಬಡಿಸಿ ಅದನ್ನು ಬಂದ್ ಮಾಡಿದನು. ಕಾಕಾ ತಲೆ ತಗ್ಗಿಸಿದನು. ತಗ್ಗಿಸಲಿ, ಎಂದುಕೊಂಡಳು ಸಪ್ನಾ.

* * *

ಮರುದಿನ ಮುಂಜಾನೆ ಕಾಕಾ ಕುರಿದೊಡ್ಡಿಯ ಗೋಡೆಯ ಮೇಲೆ ಒಬ್ಬನೇ ಕೂತಿದ್ದನು. ಸಪ್ನಾ ಕುರಿಮರಿಗೆ ಸೊಪ್ಪು ಹಾಕಲು ಬಂದಳು. ಅವನನ್ನು ನೋಡಿದವಳೇ ತಿರುಗಿ ನಡೆದಳು.

“ಸಪ್ಪೂ, ನನ್ನ ಕೂಡ ಮಾತಾಡಾಂಗಿಲ್ಲೇನ?”

“ಇಲ್ಲ.”

“ಯಾಕವಾ? ನಿನ್ನೆ ಲೇಟಾಗಿ ಬಂದೆ ಅಂತ?”

ಸಪ್ನಾ ಸೊಪ್ಪಿನ ಹೊರೆಯನ್ನು ಅವನ ಕಾಲ ಬಳಿ ಒಗೆದಳು.

“ಅಜ್ಜನ ಹೆಸರ ಯಾಕ ಹಚ್ಚಲಿಲ್ಲ ನೀ? ಪದಾ ಎಲ್ಲಾ ಅಜ್ಜಂದು. ಕಂಬಳಿ ಅಜ್ಜಂದು. ಹೆಸರ ಒಂದ ಬ್ಯಾಡಾತೇನ?”

ಕಾಕಾನ ಮುಖ ಸಣ್ಣದಾಯಿತು. “ಹಚ್ಚಿದ್ದೆ. ಹಾಡು ಉದ್ದಾತು ಅಂದ್ರು. ನಂದಗಡ ಅಂದ್ರ ಯಾರಿಗೂ ತಿಳಿಯಾಂಗಿಲ್ಲ, ಆ ಕಡೀ ನುಡಿ ಕಟ್ ಮಾಡೂಣು ಅಂದ್ರು.”

“ನೀ ಏನಂದಿ?”

ಕಾಕಾ ಸೊಪ್ಪಿನ ಒಂದು ಟೊಂಗೆ ಎತ್ತಿ ಕುರಿಮರಿಯ ಬಾಯಿಗೆ ಹಿಡಿದನು.

“ಹೂಂ ಅಂದೆ,” ಎಂದನು ಕಾಕಾ.

“ಅಜ್ಜಗ ಗೊತ್ತಾಗಲಿಲ್ಲ ಅಂತ ತಿಳದಿ?” ಸಪ್ನಾಳ ದನಿ ಒಡೆಯಿತು. “ಹಾಡು ನಿಂತ ಮ್ಯಾಲೂ ಅಂವಾ ತಾಳಾ ಹಾಕೊಂತ ಕುಂತಿದ್ದಾ. ಮುಗೀತೇನ ಅಂತ ಕೇಳಿದಾ. ನೆಟ್ ಖಾಲಿ ಆತು, ಪದ ಇನ್ನೂ ಐತಿ ಅಂತ ನಾ ಸುಳ್ಳ ಹೇಳಿದೆ. ಪ್ರತಿ ಸಲಾ ಕೇಳಿದಾ. ಪ್ರತಿ ಸಲಾ ಸುಳ್ಳ ಹೇಳಿದೆ. ನಿನ್ನ ಸಲುವಾಗಿ!”

ಅವಳು ಎರಡೂ ಮುಷ್ಟಿಯಿಂದ ಅವನ ಮೊಣಕಾಲಿಗೆ ಗುದ್ದಿದಳು. ಸಾಲೆಯಲ್ಲಿಯೂ ಮಣ್ಣಿನಲ್ಲಿಯೂ ಬಾರದಿದ್ದ ಅಳು ಈಗ ಬಂದಿತು. ಕಾಕಾ ಅವಳ ಕೈ ಹಿಡಿಯಲಿಲ್ಲ, ತಡೆಯಲೂ ಇಲ್ಲ. ಗೋಡೆಯ ಮೇಲೆ ಹಾಗೆಯೇ ಗುದ್ದು ತಿನ್ನುತ್ತ ಕೂತನು.

* * *

ಮೂರನೆಯ ದಿನ ಹಾಲು-ತುಪ್ಪ ಎರೆಯಲು ಎಲ್ಲರೂ ಅಜ್ಜನನ್ನು ಮಣ್ಣು ಮಾಡಿದ ಗುಂಡಿಯ ಹತ್ತಿರ ಹೋದರು. ಪದ್ಮವ್ವಜ್ಜಿ ಹಾಲಿನ ತಂಬಿಗೆ ಹಿಡಿದಿದ್ದಳು. ಅಜ್ಜನ ಮೇಳದವರೂ ಡೊಳ್ಳು ಕಟ್ಟಿಕೊಂಡು ಬಂದಿದ್ದರು.

ಮೇಳದ ಹಿರಿಯ ರಾಮಲಿಂಗ ಕೇಳಿದನು, “ಗುರುವಿನ ಮುಂದ ಪದ ಹೇಳವ್ರು ಯಾರ‍್ರಪಾ?”

ಆಗ ಕಾಕಾ ಚಪ್ಪಲಿ ಬಿಟ್ಟು ಮುಂದೆ ಬಂದನು. “ನಾ ಹೇಳ್ತೀನ್ರಿ.”

ರಾಮಲಿಂಗ ಅವನನ್ನು ಮೇಲಿಂದ ಕೆಳಗೆ ನೋಡಿದನು. “ಇಲ್ಲಿ ಮೈಕ್ ಇಲ್ಲಪಾ, ತಮ್ಮಾ.”

“ಬ್ಯಾಡ್ರಿ,” ಎಂದನು ಕಾಕಾ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಫೋನು ಎತ್ತಿದನು. ಸಪ್ನಾ ಕಣ್ಣು ಕೆಕ್ಕರಿಸಿದಳು. ಮೊನ್ನೆಯ ಏಟು ಅವನಿಗೆ ನೆನಪಿತ್ತು. ಫೋನು ಕಿಸೆಯೊಳಗೆ ಹೋಯಿತು.

ಡೊಳ್ಳು ಮೆಲ್ಲಗೆ ಏಳತೊಡಗಿತು. ಕಾಕಾ ಅಂಗೈ ಕಿವಿಗೆ ಹಚ್ಚಿದನು. ಅಜ್ಜ ಹಾಗೆಯೇ ಹಚ್ಚುತ್ತಿದ್ದನು.

ಅದೇ ಹಾಡು. ಸ್ಪೀಕರಿನಲ್ಲಿ ಕೇಳಿದಾಗ ಅದು ಜಗಳಕ್ಕೆ ಕರೆದಂತಿತ್ತು. ಇಲ್ಲಿ, ಹಸಿ ಮಣ್ಣಿನ ಮುಂದೆ, ‘ಉತ್ತರ ಹೇಳೋ’ ಎಂದಾಗ ಕಾಕಾ ಅಜ್ಜನನ್ನೇ ಕೇಳುತ್ತಿದ್ದಾನೆ ಎನ್ನಿಸಿತು. ಸಪ್ನಾ ಒಂದೊಂದು ನುಡಿಯನ್ನೂ ಬಿಗಿಹಿಡಿದು ಕೇಳಿದಳು. ಮುಂಬಯಿಯ ಹಾಡು ನಿಲ್ಲುವ ಜಾಗ ಅವಳಿಗೆ ಬಾಯಿಪಾಠವಾಗಿತ್ತು.

ಆ ಜಾಗ ಬಂದಿತು. ಕಾಕಾ ನಿಂತನು.

ಸಪ್ನಾಳ ಎದೆಯಲ್ಲಿ ಸಿಟ್ಟು ಮತ್ತೆ ಭುಗಿಲೆಂದಿತು. ಇಲ್ಲಿಯೂ ಇಷ್ಟಕ್ಕೇ ಮುಗಿಸುತ್ತಾನೇನು? ಆದರೆ ಡೊಳ್ಳಿನವರು ನಿಲ್ಲಿಸಲಿಲ್ಲ. ಅವರಿಗೆ ಪದ ಎಲ್ಲಿ ಮುಗಿಯುತ್ತದೆಂದು ಗೊತ್ತಿತ್ತು. ಅಜ್ಜನ ಬೆರಳಿನ ಹಾಗೆ ಅವರ ಕೈಗಳೂ ಕಾಯುತ್ತ ನಡೆದವು.

ಕಾಕಾನ ಕಣ್ಣಿಂದ ನೀರು ಇಳಿಯುತ್ತಿತ್ತು. ಕಣ್ಣು ಒರೆಸಿಕೊಳ್ಳಲಿಲ್ಲ. ಸಪ್ನಾಳ ಮುಖ ನೋಡಿದನು. ಆಮೇಲೆ ತಲೆ ಎತ್ತಿ ಹಾಡಿದನು.

ಊರು ನಮ್ಮದು ನಂದಗಡ, ಕೇಳ್ರಿ ಕುಂತ ಮಂದಿಯೆಲ್ಲಾ
ಗುರು ಮುತ್ತಪ್ಪ ಕಲಿಸಿದ ಮಾತು ಮರೆಯೂದಿಲ್ಲಾ

ಮೇಳದವರೆಲ್ಲ ಆ ನುಡಿಯನ್ನು ಎತ್ತಿಕೊಂಡರು. ಡೊಳ್ಳಿನ ಸದ್ದಿಗೆ ಬೇವಿನ ಮರದ ಹಕ್ಕಿಗಳು ಹಾರಿದವು. ಪದ್ಮವ್ವಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರು ಸಲ ಎತ್ತಿ ಹಾಡಿ, ಒಂದೇ ಪೆಟ್ಟಿಗೆ ಡೊಳ್ಳು ನಿಂತಿತು.

ಕಾಕಾ ಗುಂಡಿಯ ಮುಂದೆ ಮೊಣಕಾಲೂರಿದನು. ಬಹಳ ಹೊತ್ತು ಏಳಲಿಲ್ಲ. ಸಪ್ನಾಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಹೋಗಿ ಅವನ ಬಾಜು ಕೂತಳು. ರಾತ್ರಿ ಮನೆಯ ಕಂಬಳಿ ಹೊದ್ದು ಮಲಗಿದ್ದ ಅವನ ಅಂಗಿಯಿಂದ ಅದರ ವಾಸನೆ ಬರುತ್ತಿತ್ತು. ಅವಳಿಗೆ ಸೀನು ಬಂದಿತು. ಕಾಕಾ ಅಳುತ್ತಿದ್ದವನು ಅರೆಗಳಿಗೆ ಅವಳತ್ತ ತಿರುಗಿದನು.

ಅಜ್ಜಿ ತಂಬಿಗೆಯನ್ನು ಸಪ್ನಾಳ ಕೈಗೆ ಕೊಟ್ಟಳು. ಅವಳು ಮೆಲ್ಲಗೆ ಹಾಲು ಎರೆದಳು. ಹಸಿ ಮಣ್ಣು ಅದನ್ನು ಒಳಕ್ಕೆ ಎಳೆದುಕೊಂಡಿತು. ಪದ ಇನ್ನೂ ಐತಿ ಎಂದು ತಾನು ಹೇಳಿದ್ದು ಸುಳ್ಳಾಗಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅದು ಬರುವುದು ತಡವಾಗಿತ್ತು, ಬಹಳ ತಡವಾಗಿತ್ತು.

ಅವಳು ಬಗ್ಗಿ, ಮಣ್ಣಿಗೆ ಬಾಯಿ ಹತ್ತಿರ ತಂದು, ಯಾರಿಗೂ ಕೇಳದಂತೆ ಹೇಳಿದಳು:

“ಈಗ ಮುಗೀತಜ್ಜಾ.”

ಆಮೇಲೆ ಕೈ ಜೋಡಿಸಿ ಕಣ್ಣು ಮುಚ್ಚಿದಳು.

“ಬೀರಪ್ಪಾ, ನಮ್ಮಜ್ಜನ್ನ ನಿನ್ನ ಹಿಂಡಿನ್ಯಾಗ ಕರ‍್ಕೊ. ಅಂವಗ ದಾರ‍್ಯಾಗ ನೆರಳ ಕೊಡು. ಅವನ ಜೀವಕ್ಕ ಶಾಂತಿ ಕೊಡೋ, ನಮ್ಮಪ್ಪಾ.”